ಮೋಲ್ಡ್ ಹಾಕುವ ಮುಂಚೆ



ಹೊಸ ಸೈಟಿನಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೀಯೆಂದು ನಿಮ್ಮಮ್ಮ ಹೇಳಿದಳು, ಖುಷಿಯಾಯಿತು. ನೀನು ಕಳಿಸಿದ ಬಾರ್ ಚಾರ್ಟಿನ ಫೋಟೊ ನೋಡಿದೆ. ತಾರೀಖುಗಳೆಲ್ಲ ಇವೆ, ಯಾವ ಕೆಲಸ ಯಾವುದಕ್ಕೆ ಕಾಯಬೇಕು ಎಂಬುದೇ ಇಲ್ಲ.

ಒಂದು ಸ್ಲ್ಯಾಬನ್ನೇ ತಗೋ. ಸೆಂಟ್ರಿಂಗ್ ಆಯಿತು, ಕಂಬಿ ಕಟ್ಟಾಯಿತು, ನಾಳೆ ಮೋಲ್ಡ್ ಅಂದುಕೊಂಡಿರುತ್ತೀಯ. ನೋಡಿದರೆ ಎಲೆಕ್ಟ್ರಿಷಿಯನ್ ಇನ್ನೂ ಪೈಪ್ ಎಳೆದಿಲ್ಲ. ಹಾಗೇ ಕಾಂಕ್ರೀಟ್ ಸುರಿದರೆ ಆಮೇಲೆ ಸ್ಲ್ಯಾಬ್ ಕೊರೆಯುವುದೇ ಗತಿ. ಸುರಿದ ಮೇಲೂ ಅವಸರ ನಡೆಯದು. ಕಂಬಗಳ ನಡುವಿನ ಹರವು ನಾಲ್ಕೂವರೆ ಮೀಟರ್ ಮೀರಿದರೆ ಕೆಳಗಿನ ಪ್ರಾಪುಗಳನ್ನು 14 ದಿನ ಮುಟ್ಟುವ ಹಾಗಿಲ್ಲ. ಅಷ್ಟು ದಿನ ಆ ಸಾಮಾನು ಮೇಲಿನ ಮಹಡಿಗೆ ಸಿಗುವುದಿಲ್ಲ. ಇನ್ನೊಂದು ಸೆಟ್ ಬಾಡಿಗೆಗೆ ಹೇಳುವುದೋ, ಗಾರೆಯವರನ್ನು ಬೇರೆ ಕಡೆ ಹಚ್ಚುವುದೋ? ಇದು ಮೋಲ್ಡಿನ ದಿನ ಯೋಚಿಸುವ ಮಾತಲ್ಲ.

ಸಿಡ್ನಿಯ ಒಪೆರಾ ಹೌಸ್ ಕಥೆ ಓದು. ಚಾವಣಿ ಕಟ್ಟುವ ಬಗೆ ತೀರ್ಮಾನವಾಗುವ ಮೊದಲೇ 1959ರಲ್ಲಿ ಕೆಲಸ ಶುರು ಮಾಡಿದರು. ಸರ್ಕಾರಕ್ಕೆ ಅವಸರ, ಗುದ್ದಲಿ ಪೂಜೆಯ ಚಪಲ ನಮ್ಮವರಿಗಷ್ಟೇ ಅಲ್ಲ. ಎಬ್ಬಿಸಿದ ಕಂಬಗಳಿಗೆ ಚಾವಣಿ ಹೊರುವ ಶಕ್ತಿಯಿಲ್ಲವೆಂದು ಆಮೇಲೆ ಗೊತ್ತಾಗಿ, ಒಡೆದು ಮತ್ತೆ ಕಟ್ಟಬೇಕಾಯಿತು. 1963ಕ್ಕೆ 70 ಲಕ್ಷ ಡಾಲರಿನಲ್ಲಿ ಮುಗಿಯಬೇಕಾದದ್ದು 1973ರಲ್ಲಿ 10 ಕೋಟಿ 20 ಲಕ್ಷಕ್ಕೆ ಮುಗಿಯಿತು.

ಹಾಗಂತ ಪ್ಲಾನ್ ಇದ್ದ ಕಡೆ ತೊಂದರೆಯೇ ಇಲ್ಲವೆಂದಲ್ಲ. ಇ. ಶ್ರೀಧರನ್ ಅವರ ಮುಂದಾಳತ್ವದ ಕೊಂಕಣ ರೈಲ್ವೆಯಲ್ಲೂ ಗೋವಾದ ಪೆರ್ನೆಮ್ ಸುರಂಗ ಮೆತ್ತನೆ ಮಣ್ಣಿನಲ್ಲಿ ಕುಸಿದು ಕುಸಿದು ಸತಾಯಿಸಿತು. ಆದರೆ ಸುಮಾರು 740 ಕಿ.ಮೀ. ಮಾರ್ಗವನ್ನು ಭಾಗ ಮಾಡಿ ಎಲ್ಲ ಕಡೆ ಒಟ್ಟಿಗೇ ಕೆಲಸ ಹಚ್ಚಿದ್ದರು. ಹೀಗಾಗಿ ಮಂಗಳೂರು–ಉಡುಪಿ ನಡುವೆ 1993ರಲ್ಲೇ ರೈಲು ಓಡಿತು. ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ.

ನಿನಗೆ ನನ್ನದೊಂದೇ ಕೋರಿಕೆ. ವಾರಕ್ಕೊಮ್ಮೆ ಮೇಸ್ತ್ರಿ, ಕಂಬಿಯವರು, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಟೀ ಕೊಡು. ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ಕೇಳಿ, ಅವರೆದುರೇ ತಾರೀಖು ತಿದ್ದು. ಹಬ್ಬಕ್ಕೆ ಆಳುಗಳು ಊರಿಗೆ ಹೋಗುವ ದಿನಗಳನ್ನೂ ಬರೆದುಕೋ. ಅದನ್ನು ಲೆಕ್ಕಕ್ಕೆ ಹಿಡಿಯದ ಪ್ಲಾನಿಗೆ ನಾನು ಸರ್ವಿಸಿನಲ್ಲಿದ್ದಾಗ ಸಹಿ ಹಾಕುತ್ತಿರಲಿಲ್ಲ.

ಇತಿ,
ನಿನ್ನ ದೊಡ್ಡಪ್ಪ