ರೋಗ, ಬೇನೆ ಮತ್ತು ಸಮಾಜ: 1896ರ ಮುಂಬಯಿ ಪ್ಲೇಗಿನ ನಿದರ್ಶನ

ರೋಗವು ದೇಹಕ್ಕೆ ಸಂಬಂಧಿಸಿದ್ದು, ಅದರ ವಿವೇಚನೆ ವೈದ್ಯನಿಗೆ ಸೇರಿದ್ದು ಎಂಬ ಭಾವನೆ ಸಾಮಾನ್ಯವಾಗಿ ಬೇರೂರಿದೆ. ರೋಗಾಣುವಿನ ಸ್ವರೂಪ, ಅದು ಹರಡುವ ಕ್ರಮ, ಔಷಧದ ಗುಣ ಇವೆಲ್ಲ ವೈದ್ಯವಿಜ್ಞಾನದ ವಿಷಯಗಳೆಂಬುದು ನಿಜ. ಆದರೆ ಒಂದೇ ನಗರದಲ್ಲಿ ಒಂದು ಕೇರಿಯನ್ನು ಬರಿದುಮಾಡಿದ ರೋಗವು ಮತ್ತೊಂದು ಬಡಾವಣೆಯನ್ನು ಬಹುಮಟ್ಟಿಗೆ ಬಿಟ್ಟುಬಿಡುವುದೇಕೆ? ಗುಣಪಡಿಸಲೆಂದೇ ತೆರೆದ ಆಸ್ಪತ್ರೆಯಿಂದ ರೋಗಿಗಳನ್ನು ಬಚ್ಚಿಡಲು ಮನೆಮಂದಿ ಹೆಣಗುವುದೇಕೆ? ಈ ಪ್ರಶ್ನೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಉತ್ತರ ದೊರೆಯುವುದಿಲ್ಲ. ಇಲ್ಲಿ ಸಾಮಾಜಿಕ ಸಿದ್ಧಾಂತದ ನೆರವು ಅವಶ್ಯಕವಾಗುತ್ತದೆ. ಆ ನೆರವಿನ ಸ್ವರೂಪವನ್ನೂ ಮಿತಿಯನ್ನೂ ಮುಂಬಯಿಯ ಪ್ಲೇಗಿನ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೂರು ಪದಗಳು, ಮೂರು ನೆಲೆಗಳು

ವೈದ್ಯಕೀಯ ಸಮಾಜಶಾಸ್ತ್ರವು ಅಸ್ವಾಸ್ಥ್ಯದ ಮೂರು ನೆಲೆಗಳನ್ನು ಗುರುತಿಸುತ್ತದೆ. ದೇಹದಲ್ಲಿ ವೈದ್ಯನು ಪತ್ತೆಹಚ್ಚುವ ವಿಕಾರ ಮೊದಲನೆಯದು. ಅದನ್ನು ಹೊತ್ತವನ ಅನುಭವ ಎರಡನೆಯದು. ‘ಇವನು ಅಸ್ವಸ್ಥ’ ಎಂದು ಸುತ್ತಲಿನವರು ಒಪ್ಪಿ ಅವನಿಗೆ ನೀಡುವ ಸ್ಥಾನ ಮೂರನೆಯದು. ಕನ್ನಡದಲ್ಲಿ ಇವಕ್ಕೆ ಕ್ರಮವಾಗಿ ‘ರೋಗ’, ‘ಬೇನೆ’, ‘ಕಾಯಿಲೆ’ ಎಂಬ ಪದಗಳನ್ನು ಬಳಸಿಕೊಳ್ಳಬಹುದು. ದಿನಬಳಕೆಯಲ್ಲಿ ಇವು ಒಂದರ ಬದಲಿಗೆ ಒಂದು ಬರುತ್ತವೆಯಾದರೂ ‘ಬೇನೆ’ ಎಂಬುದು ‘ವೇದನೆ’ಯ ತದ್ಭವವೆಂಬುದನ್ನು ನೆನೆದರೆ ಈ ವಿಂಗಡಣೆ ಕೃತಕವೆನಿಸದು. ರೋಗವಿದ್ದೂ ಬೇನೆಯಿಲ್ಲದಿರಬಹುದು, ಬೇನೆಯಿದ್ದೂ ವೈದ್ಯನಿಗೆ ರೋಗ ಕಾಣದಿರಬಹುದು, ಎರಡೂ ಇದ್ದು, ದುಡಿಮೆ ಬಿಡಲಾಗದ ಬಡವನಿಗೆ ‘ಕಾಯಿಲೆಯವನು’ ಎಂಬ ಮನ್ನಣೆಯೇ ದೊರೆಯದಿರಬಹುದು. ಸಿಡುಬನ್ನು ‘ಅಮ್ಮ’ ಎಂದು ಕರೆದ ಜನ ಅದನ್ನು ಕೇವಲ ದೇಹವಿಕಾರವೆಂದು ಭಾವಿಸಿರಲಿಲ್ಲ. ಮನೆಗೆ ಬಂದ ದೇವತೆಯನ್ನು ಉಪಚರಿಸಿ ಕಳುಹಿಸಿಕೊಡುವ ಸಂಬಂಧವೊಂದು ಆ ಹೆಸರಿನಲ್ಲಿ ಅಡಗಿದೆ.

2. ಸಿದ್ಧಾಂತದ ಹಿನ್ನೆಲೆ

ರೋಗದ ಕಾರಣವನ್ನು ಸಮಾಜದಲ್ಲಿ ಅರಸುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸ್ಪಷ್ಟ ರೂಪ ತಳೆಯಿತು. 1845ರಲ್ಲಿ ಫ್ರೆಡರಿಕ್ ಏಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯನ್ನು ಕುರಿತು ಬರೆಯುತ್ತ, ಅವರ ಅಕಾಲಮರಣಕ್ಕೆ ವಸತಿ, ಆಹಾರ, ದುಡಿಮೆಗಳ ವ್ಯವಸ್ಥೆಯನ್ನೇ ಹೊಣೆಯಾಗಿಸಿದ. 1848ರಲ್ಲಿ ಅಪ್ಪರ್ ಸೈಲೀಷಿಯಾದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಪ್ರಷ್ಯಾದ ಸರ್ಕಾರ ತರುಣ ವೈದ್ಯ ರುಡಾಲ್ಫ್ ವಿರ್ಕೋನನ್ನು ಅಲ್ಲಿಗೆ ಕಳುಹಿಸಿತು. ಅವನು ಸೂಚಿಸಿದ ಪರಿಹಾರಗಳಲ್ಲಿ ಔಷಧಕ್ಕಿಂತ ಶಿಕ್ಷಣ, ಸ್ವಾಯತ್ತತೆ ಹಾಗೂ ಆರ್ಥಿಕ ಅಭ್ಯುದಯಗಳಿಗೆ ಹೆಚ್ಚಿನ ಸ್ಥಾನವಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ರೋಗಕಾರಣದಿಂದ ರೋಗಿಯ ಹಾಗೂ ವೈದ್ಯನ ಸ್ಥಾನದತ್ತ ಹೊರಳಿತು. ಅಮೆರಿಕದ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ‘ರೋಗಿಯ ಪಾತ್ರ’ವೆಂಬ ಪರಿಕಲ್ಪನೆಯನ್ನು ಮಂಡಿಸಿದ. ಅದರ ಪ್ರಕಾರ ರೋಗಿಗೆ ಎರಡು ವಿನಾಯಿತಿಗಳೂ ಎರಡು ಹೊಣೆಗಳೂ ಇವೆ. ದೈನಂದಿನ ಕರ್ತವ್ಯಗಳಿಂದ ಬಿಡುಗಡೆ, ತನ್ನ ಸ್ಥಿತಿಗೆ ತಾನೇ ಹೊಣೆಯಲ್ಲವೆಂಬ ಮನ್ನಣೆ ಇವು ವಿನಾಯಿತಿಗಳು. ಗುಣವಾಗಲು ಬಯಸಬೇಕು, ಅರ್ಹ ವೈದ್ಯನೊಡನೆ ಸಹಕರಿಸಬೇಕು ಎಂಬವು ಹೊಣೆಗಳು. 1963ರಲ್ಲಿ ಪ್ರಕಟವಾದ ಎರಡು ಗ್ರಂಥಗಳು ಬೇರೆ ದಿಕ್ಕುಗಳನ್ನು ತೋರಿದವು. ಆಧುನಿಕ ಆಸ್ಪತ್ರೆಯು ರೋಗಿಯನ್ನು ಪರೀಕ್ಷೆಗೊಳಪಟ್ಟ ದೇಹವನ್ನಾಗಿ ಕಾಣುವ ಹೊಸ ದೃಷ್ಟಿಯೊಂದನ್ನು ರೂಪಿಸಿತೆಂದು ಮಿಶೆಲ್ ಫೂಕೋ ವಿವರಿಸಿದ. ರೋಗ ಅಥವಾ ಅಂಗವೈಕಲ್ಯಗಳು ವ್ಯಕ್ತಿಗೆ ಅಂಟುವ ಕಳಂಕವಾಗುವ ಬಗೆಯನ್ನು ಅರ್ವಿಂಗ್ ಗಾಫ್ಮನ್ ವಿಶ್ಲೇಷಿಸಿದ. ಈ ಚಿಂತನೆಗಳು ಪಶ್ಚಿಮದ ಅನುಭವದಿಂದ ಹುಟ್ಟಿದವು. ಇವು ಇಲ್ಲಿ ಎಷ್ಟು ಸಲ್ಲುತ್ತವೆ ಎಂಬುದನ್ನು ಇಲ್ಲಿಯದೇ ಅನುಭವದ ಮುಂದಿಟ್ಟು ನೋಡಬೇಕು.

3. ಮುಂಬಯಿಯಲ್ಲಿ ಪ್ಲೇಗು

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಬಂದರಿಗೆ ಸಮೀಪದ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಮಾಂಡವಿ ಧಾನ್ಯದ ಉಗ್ರಾಣಗಳ ಪ್ರದೇಶ, ಉಗ್ರಾಣವಿದ್ದಲ್ಲಿ ಇಲಿ. ಇಕ್ಕಟ್ಟಾದ ಚಾಳುಗಳ ಒಂದೊಂದೇ ಕೋಣೆಯಲ್ಲಿ ಬಾಳುತ್ತಿದ್ದ ಕಾರ್ಮಿಕ ಕುಟುಂಬಗಳು ರೋಗಕ್ಕೆ ಸುಲಭವಾಗಿ ತುತ್ತಾದವು. ವಿಶಾಲ ಬಂಗಲೆಗಳ ಯುರೋಪಿಯನ್ನರಲ್ಲಿ ಸಾವು ವಿರಳವಾಗಿತ್ತು. ಸಾವಿನಿಂದಲೂ ವಲಸೆಯಿಂದಲೂ ನಗರ ಬಡವಾಯಿತು. 1891ರ ಜನಗಣತಿಯಲ್ಲಿ ಸುಮಾರು 8.2 ಲಕ್ಷವಿದ್ದ ಜನಸಂಖ್ಯೆ 1901ರಲ್ಲಿ ಸುಮಾರು 7.8 ಲಕ್ಷಕ್ಕೆ ಇಳಿಯಿತು. ರೋಗಾಣುವಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. ಇಲಿಗೂ ಮನುಷ್ಯನಿಗೂ ಒಂದೇ ಕೋಣೆಯನ್ನು ಕೊಟ್ಟದ್ದು ನಗರದ ಆರ್ಥಿಕ ವ್ಯವಸ್ಥೆ. ಏಂಗೆಲ್ಸ್ ಮತ್ತು ವಿರ್ಕೋ ಅವರ ವಿಚಾರಸರಣಿಗೆ ಇಲ್ಲಿ ನೇರ ಸಮರ್ಥನೆ ದೊರೆಯುತ್ತದೆ.

ಪ್ಲೇಗಿನ ರೋಗಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರೂ ಅದು ಹರಡುವ ಬಗೆ ಆಗಿನ್ನೂ ತಿಳಿದಿರಲಿಲ್ಲ. ಇಲಿಯ ಚಿಗಟವೇ ವಾಹಕವೆಂದು ಪಾಲ್ ಲೂಯಿ ಸಿಮೋಂ ತೋರಿಸಿದ್ದು 1898ರಲ್ಲಿ; ಅದು ಸರ್ವಮಾನ್ಯವಾಗಲು ಮತ್ತೂ ಹಲವು ವರ್ಷಗಳು ಹಿಡಿದವು. ಹೀಗಾಗಿ ಕೊಳೆಯೇ ರೋಗಮೂಲವೆಂದು ತಿಳಿದ ಅಧಿಕಾರಿಗಳು ಮನೆಗಳನ್ನು ತೊಳೆಯಿಸಿದರು, ಸುಣ್ಣ ಬಳಿಸಿದರು, ಮಾಡಿನ ಹೆಂಚು ತೆಗೆಸಿದರು, ರೋಗಿಗಳನ್ನು ಒಯ್ದು ಪ್ರತ್ಯೇಕವಾಗಿಟ್ಟರು. 1897ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಇಂತಹ ಕ್ರಮಗಳಿಗೆ ವಿಶಾಲ ಅಧಿಕಾರ ನೀಡಿತು.

4. ರೋಗಿಯ ಪಾತ್ರವನ್ನು ನಿರಾಕರಿಸಿದವರು

ಜನರ ಪ್ರತಿಕ್ರಿಯೆ ಉಗ್ರವಾಗಿತ್ತು. 1896ರ ಅಕ್ಟೋಬರ್‌ನಲ್ಲಿ ಸುಮಾರು ಸಾವಿರ ಮಂದಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಏರಿಹೋದರು. ಆಸ್ಪತ್ರೆಯಲ್ಲಿ ರೋಗಿಗಳನ್ನು ಕೊಂದು ದೇಹದಿಂದ ತೈಲ ತೆಗೆಯುತ್ತಾರೆಂಬ ವದಂತಿ ಹಬ್ಬಿತ್ತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದ್ದು ಜನರನ್ನು ಕೆರಳಿಸಿತು. ಅಲ್ಲಿಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. 1898ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಮತ್ತೆ ಗಲಭೆಯಾಯಿತು.

ಇದನ್ನೆಲ್ಲ ‘ಅಜ್ಞಾನ’ವೆಂದು ಕರೆದು ಸುಮ್ಮನಾಗುವುದು ಸುಲಭ. ಪಾರ್ಸನ್ಸನ ಪರಿಕಲ್ಪನೆಯನ್ನು ಮುಂದಿಟ್ಟುಕೊಂಡರೆ ಬೇರೊಂದು ಚಿತ್ರ ಮೂಡುತ್ತದೆ. ದಿನಗೂಲಿಯ ಕಾರ್ಮಿಕನಿಗೆ ದುಡಿಮೆಯಿಂದ ಬಿಡುಗಡೆಯೆಂದರೆ ಉಪವಾಸ. ಅವನ ಕೊಳಕೇ ರೋಗಕ್ಕೆ ಕಾರಣವೆಂದು ಆಡಳಿತ ನಂಬಿದ್ದರಿಂದ ಹೊಣೆಯಿಂದ ವಿನಾಯಿತಿಯೂ ಇರಲಿಲ್ಲ. ಎರಡು ವಿನಾಯಿತಿಗಳನ್ನೂ ಕಸಿದುಕೊಂಡು ಎರಡು ಹೊಣೆಗಳನ್ನು ಮಾತ್ರ ಅವನ ಮೇಲೆ ಹೇರಿದಂತಾಯಿತು. ಅಂತಹ ಪಾತ್ರವನ್ನು ಅವನು ನಿರಾಕರಿಸಿದ್ದು ಅಸಹಜವಲ್ಲ. ಹಾಗೆಯೇ ಪಾರ್ಸನ್ಸನ ಸಿದ್ಧಾಂತವು ಸಂಬಳ ಸಹಿತ ರಜೆಯುಳ್ಳ, ವೈದ್ಯನನ್ನು ತಾನೇ ಆರಿಸಿಕೊಳ್ಳಬಲ್ಲ ಮಧ್ಯಮವರ್ಗದ ರೋಗಿಗೆ ಹೆಚ್ಚು ಹೊಂದುತ್ತದೆಂಬ ಮಿತಿಯೂ ಇಲ್ಲಿ ಪ್ರಕಟವಾಗುತ್ತದೆ.

ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈಯನ್ನು ಗಂಟುಗಳಿಗಾಗಿ ತಡಕುವುದು, ಶವಗಳನ್ನು ಪರೀಕ್ಷಿಸುವುದು ಇಂತಹ ಕ್ರಮಗಳಲ್ಲಿ ಫೂಕೋ ಹೇಳುವ ವೈದ್ಯಕೀಯ ದೃಷ್ಟಿಗೆ ವಸಾಹತು ಪ್ರಭುತ್ವದ ದಂಡಶಕ್ತಿಯೂ ಕೂಡಿಕೊಂಡಿತ್ತು. ಅಧಿಕಾರಿಗೆ ಕಂಡದ್ದು ಸೋಂಕಿನ ಸಾಧ್ಯತೆಯುಳ್ಳ ದೇಹ. ಮನೆಯವರಿಗೆ ಅದು ತಾಯಿ, ಸೊಸೆ, ಮಗಳು. ಈ ಎರಡು ಕಾಣ್ಕೆಗಳ ನಡುವಣ ಅಂತರವೇ ಸಂಘರ್ಷದ ಮೂಲ.

ಇದಕ್ಕೆ ಸಮರ್ಥನೆಯಾಗಿ ಮತ್ತೊಂದು ಸಂಗತಿಯಿದೆ. ಮುಂಬಯಿಯ ಹಲವು ಜಾತಿ ಸಮುದಾಯಗಳು ತಮ್ಮವರಿಗಾಗಿ ಪ್ರತ್ಯೇಕ ಪ್ಲೇಗ್ ಆಸ್ಪತ್ರೆಗಳನ್ನು ತೆರೆದಾಗ ಜನ ಅಲ್ಲಿಗೆ ಹೋಗಲೊಪ್ಪಿದರು. ರೋಗ ಬದಲಾಗಿರಲಿಲ್ಲ, ಖಚಿತ ಔಷಧ ಎಲ್ಲಿಯೂ ಇರಲಿಲ್ಲ. ಬದಲಾದದ್ದು ನಂಬಿಕೆಯ ನೆಲೆ. ಆದರೆ ಆ ನಂಬಿಕೆಗೆ ಜಾತಿಯ ಗೋಡೆಯಿತ್ತು ಎಂಬುದನ್ನು ಮರೆಯಲಾಗದು. ಪುಣೆಯ ಬಳಿ ಪ್ಲೇಗಿನ ರೋಗಿಗಳನ್ನು ಉಪಚರಿಸುತ್ತ ತಾವೂ ಸೋಂಕಿಗೆ ಒಳಗಾಗಿ 1897ರ ಮಾರ್ಚ್ 10ರಂದು ತೀರಿಕೊಂಡ ಸಾವಿತ್ರಿಬಾಯಿ ಫುಲೆಯವರ ಸೇವೆ ಈ ಗೋಡೆಯಾಚೆಗಿನ ಆರೈಕೆಯ ಆದರ್ಶವಾಗಿ ನಿಲ್ಲುತ್ತದೆ.

5. ಕನ್ನಡ ನಾಡು, ಕನ್ನಡ ಕೃತಿ

ಪ್ಲೇಗು ಮುಂಬಯಿಗೆ ಸೀಮಿತವಾಗಿ ಉಳಿಯಲಿಲ್ಲ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡಗಳಲ್ಲಿ 1898ರಲ್ಲಿ ಹಾಫ್ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೇ ವರ್ಷ ಬೆಂಗಳೂರಿಗೂ ರೋಗ ಬಂದಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಬೆಳವಣಿಗೆಗೆ ಈ ಭೀತಿಯೂ ಒಂದು ಕಾರಣ. ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡ ನೆನಪು, ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿದ ನೆನಪು ಜನಮನದಲ್ಲಿ ಉಳಿದವು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬಹುದು. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ಸಾಯುತ್ತಾನೆ, ಇಲಿಗಳು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಓದುಗನಿಗೆ ಇದು ಪ್ಲೇಗು. ಅಗ್ರಹಾರಕ್ಕೆ ಇದು ಸಂಸ್ಕಾರವಾಗದೆ ಬಿದ್ದಿರುವ ಹೆಣದ ಪ್ರಶ್ನೆ. ಶವಸಂಸ್ಕಾರದ ಅಧಿಕಾರ ಯಾರದೆಂಬ ತರ್ಕದಲ್ಲಿ ಕಾಲ ಕಳೆಯುತ್ತಿರುವಂತೆಯೇ ಸಾವು ಹಬ್ಬುತ್ತದೆ. ರೋಗವನ್ನು ಹೆಸರಿಸುವ ಭಾಷೆಯೇ ಇಲ್ಲದ ಸಮಾಜ ಅದನ್ನು ಎದುರಿಸಲಾರದು ಎಂಬ ಸತ್ಯ ಇಲ್ಲಿದೆ. ಮುಂಬಯಿಯ ಅಧಿಕಾರಿಗಳಿಗೆ ರೋಗದ ಹೆಸರು ಗೊತ್ತಿತ್ತು, ಬೇನೆಯ ಭಾಷೆ ತಿಳಿದಿರಲಿಲ್ಲ. ಅಗ್ರಹಾರದಲ್ಲಿ ಪಾಪಪುಣ್ಯಗಳ ಭಾಷೆಯಿತ್ತು, ರೋಗದ ಅರಿವಿರಲಿಲ್ಲ. ಎರಡೂ ಕಡೆ ಬೆಲೆ ತೆತ್ತದ್ದು ಮನುಷ್ಯಜೀವ.

6. ಸಮಾರೋಪ

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡತೊಡಗಿದಾಗ ಮಹಾರಾಷ್ಟ್ರವೂ ಸೇರಿದಂತೆ ಹಲವು ರಾಜ್ಯಗಳು 1897ರ ಅದೇ ಕಾಯಿದೆಯನ್ನು ಪ್ರಯೋಗಿಸಿದವು. ದುಡಿಮೆ ನಿಂತ ನಗರಗಳಿಂದ ವಲಸೆ ಕಾರ್ಮಿಕರು ನೂರಾರು ಮೈಲಿ ನಡೆದು ಊರಿಗೆ ಮರಳಿದರು. ಮನೆಯಲ್ಲಿಯೇ ಇರಿ, ಅಂತರ ಕಾಯ್ದುಕೊಳ್ಳಿ ಎಂಬ ಸಲಹೆ ವೈದ್ಯಕೀಯವಾಗಿ ಸರಿಯಿತ್ತು. ಧಾರಾವಿಯ ಒಂದೇ ಕೋಣೆಯ ಮನೆಯಲ್ಲಿ ಅದನ್ನು ಪಾಲಿಸುವುದು ಹೇಗೆಂಬ ಪ್ರಶ್ನೆ ಮಾತ್ರ ಮಾಂಡವಿಯ ಕಾಲದ ಪ್ರಶ್ನೆಯೇ ಆಗಿತ್ತು.

ಸಾಮಾಜಿಕ ಸಿದ್ಧಾಂತವು ವೈದ್ಯವಿಜ್ಞಾನಕ್ಕೆ ಬದಲಿಯಲ್ಲ. ಚಿಗಟವನ್ನು ಅದು ಕಂಡುಹಿಡಿಯಲಾರದು. ರೋಗ ಯಾರ ಮನೆಯ ಬಾಗಿಲು ತಟ್ಟುತ್ತದೆ, ಚಿಕಿತ್ಸೆಯನ್ನು ಯಾರು ನಂಬುತ್ತಾರೆ, ಯಾರ ನೋವು ಕಾಯಿಲೆಯೆಂದು ಮನ್ನಣೆ ಪಡೆಯುತ್ತದೆ ಎಂಬುದನ್ನು ಅದು ವಿವರಿಸಬಲ್ಲದು. ಈ ವಿವರಣೆಗೆ ಬೇಕಾದ ಸಾಮಗ್ರಿ ಸರ್ಕಾರಿ ವರದಿಗಳಲ್ಲಿ ಪೂರ್ತಿ ಸಿಗುವುದಿಲ್ಲ. ಅಮ್ಮನ ಹಾಡುಗಳು, ಹರಕೆಯ ನುಡಿಗಳು, ಊರು ಬಿಟ್ಟ ಕಥನಗಳು, ಕಾದಂಬರಿಗಳು ಬೇನೆಯ ಭಾಷೆಯನ್ನು ಕಾಪಾಡಿಕೊಂಡು ಬಂದಿವೆ. ಅವನ್ನು ಸಂಗ್ರಹಿಸಿ ಅರ್ಥೈಸುವ ಕಾರ್ಯದಲ್ಲಿ ಕನ್ನಡ ವಿದ್ಯಾರ್ಥಿಗಳ ಪಾಲು ದೊಡ್ಡದು. ಗಿರಣಿ, ಚಾಳು, ಬಂದರುಗಳ ನಡುವೆ ಬಾಳಿದ ಹೊರನಾಡ ಕನ್ನಡಿಗರ ಮನೆಗಳಲ್ಲಿಯೂ ಅಂತಹ ಕಥನಗಳನ್ನು ಅರಸಬೇಕಾಗಿದೆ. ಹೇಳುವ ಹಿರಿಯರು ಇರುವಾಗಲೇ ಅವನ್ನು ಕೇಳಿ ಬರೆದುಕೊಳ್ಳುವುದು ಉಚಿತ.