ಕ್ಯೂಆರ್ ಬೋರ್ಡು ಇಳಿಸಬೇಡಿ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಯಜಮಾನರು ಗಾಡಿ, ಆಳುಗಳನ್ನು ನೋಡಿಕೊಳ್ಳುತ್ತಾರೆ, ಲೆಕ್ಕ ನನ್ನದು. ‘2023–24ರಲ್ಲಿ ನಿಮ್ಮ ಯುಪಿಐಗೆ 38 ಲಕ್ಷ ಬಂದಿದೆ, ಜಿಎಸ್‌ಟಿ ನೋಂದಣಿ ಏಕಿಲ್ಲ, ವಿವರಣೆ ಕೊಡಿ’ ಎಂದು ಇಲಾಖೆಯಿಂದ ನೋಟಿಸ್ ಬಂದಿದೆ. 40 ಲಕ್ಷದವರೆಗೆ ಏನೂ ಬೇಡ ಅಂತ ಎಲ್ಲರೂ ಹೇಳುತ್ತಿದ್ದರು, ನಂಬಿದ್ದೆವು. ಬಂದ ಹಣವೆಲ್ಲ ನಮ್ಮದೂ ಅಲ್ಲ. ಪಾತ್ರೆಗೆ ಇಟ್ಟ ಡೆಪಾಸಿಟ್ ಇದೆ, ನನ್ನ ಚೀಟಿ ದುಡ್ಡಿದೆ, ಅಡುಗೆಯವರಿಗೆ ಕೊಡಿ ಅಂತ ಮದುವೆ ಮನೆಯವರು ಹಾಕಿದ್ದೂ ಇದೆ. ಗುರುತಿನವರೊಬ್ಬರು ‘ಅರ್ಧ ಹಣ ತಮ್ಮನಿಂದ ಪಡೆದ ಕೈಸಾಲ ಅಂತ ಬರೆದುಕೊಡಿ, ಪತ್ರ ನಾನು ಮಾಡಿಸುತ್ತೇನೆ’ ಅನ್ನುತ್ತಿದ್ದಾರೆ. ಯಜಮಾನರು ಊಟ ಬಿಟ್ಟು ಕೂತಿದ್ದಾರೆ, ಕ್ಯೂಆರ್ ಬೋರ್ಡು ಕಿತ್ತು ಒಳಗಿಟ್ಟಿದ್ದಾರೆ. ನಾವು ಕಳ್ಳರಾ ಸರ್?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಅಲ್ಲ ತಾಯಿ. ಕಾನೂನೂ ನಿಮ್ಮನ್ನು ಹಾಗೆ ಕರೆದಿಲ್ಲ, ಇನ್ನೂ. ಆ ‘ಇನ್ನೂ’ ಎಂಬುದಕ್ಕೆ ನಿಮ್ಮ ಗುರುತಿನವರೇ ಕಾರಣ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಪ್ಪು ಎಲ್ಲಾಯಿತು ನೋಡಿ. 40 ಲಕ್ಷದ ಮಿತಿ ಸರಕು ಮಾರುವವರಿಗೆ. ಕಿರಾಣಿ, ಬಟ್ಟೆ, ಪಾತ್ರೆ ಅಂಗಡಿಯವರು ಅದರಲ್ಲಿ ಬರುತ್ತಾರೆ. ನೀವು ಪಾತ್ರೆ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತೀರಿ. ಅದು ಸೇವೆ, ಅದಕ್ಕೆ ಮಿತಿ ವರ್ಷಕ್ಕೆ 20 ಲಕ್ಷ. ಪಕ್ಕದ ಅಂಗಡಿಯವರು ನಿಮಗೆ ಸುಳ್ಳು ಹೇಳಲಿಲ್ಲ, ತಮಗೆ ಅನ್ವಯಿಸುವುದನ್ನು ಹೇಳಿದರು. 2025ರ ಜುಲೈನಲ್ಲಿ ರಾಜ್ಯದ ತುಂಬ ಯುಪಿಐ ನೋಟಿಸ್‌ಗಳು ಬಂದಾಗ ಇದೇ ಗೊಂದಲ ಊರೂರಲ್ಲೂ ಕಂಡಿತು. ಆಗ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಪದಾರ್ಥ ಮಾರುವವರಿಂದ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಿತು. ಆ ಸಮಾಧಾನ ನಿಮಗೆ ಸಿಗುವುದಿಲ್ಲ. ಶಾಮಿಯಾನಕ್ಕೆ ಶೇ 18 ತೆರಿಗೆ ಇದೆ.

ಈಗ 38 ಲಕ್ಷದ ಕಥೆ. ಅದು ನಿಮ್ಮ ಖಾತೆಗೆ ಬಂದ ಹಣ, ನಿಮ್ಮ ವಹಿವಾಟಲ್ಲ. ಇಲಾಖೆಗೆ ಕಾಣುವುದು ಮೊತ್ತ ಮಾತ್ರ, ಅದರೊಳಗೆ ಏನಿದೆ ಎಂದು ಹೇಳಬೇಕಾದವರು ನೀವು. ಆ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮುದ್ರಿಸಿ, ಬುಕಿಂಗ್ ಡೈರಿ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲಾಗಿ ಗುರುತು ಹಾಕಿ. ಡೆಪಾಸಿಟ್ ಬಂದದ್ದು ಯಾವತ್ತು, ಪಾತ್ರೆ ಎಣಿಸಿಕೊಂಡು ವಾಪಸ್ ಕೊಟ್ಟದ್ದು ಯಾವತ್ತು, ಎರಡನ್ನೂ ಎದುರುಬದುರು ಬರೆಯಿರಿ. ಒಡೆದ ಪಾತ್ರೆಗೆಂದು ಹಿಡಿದುಕೊಂಡ ಹಣವನ್ನು ಬೇರೆಯೇ ತೋರಿಸಿ, ಅದನ್ನು ಡೆಪಾಸಿಟ್ ಜೊತೆ ಕಳೆದುಬಿಡಬೇಡಿ. ಚೀಟಿ ಹಣಕ್ಕೆ ಚೀಟಿ ಪುಸ್ತಕ ಸಾಕ್ಷಿ. ಅಡುಗೆಯವರ ಹಣದಲ್ಲಿ ಸ್ವಲ್ಪ ಎಚ್ಚರ ಬೇಕು. ‘ಶಾಮಿಯಾನ, ಅಡುಗೆ ಎಲ್ಲ ನಮ್ಮದೇ, ಒಟ್ಟು ಇಷ್ಟು’ ಎಂದು ಒಪ್ಪಿಕೊಂಡಿದ್ದರೆ ಅದೂ ನಿಮ್ಮ ವಹಿವಾಟೇ. ಮದುವೆ ಮನೆಯವರು ಅಡುಗೆಯವರ ಜೊತೆ ತಾವೇ ಮಾತಾಡಿಕೊಂಡು, ಹಣವನ್ನು ನಿಮ್ಮ ಕೈಲಿ ದಾಟಿಸಿದ್ದರೆ ಮಾತ್ರ ಅಲ್ಲ.

ಕಳೆಯುವುದನ್ನಷ್ಟೇ ಹೇಳಿ ಸುಮ್ಮನಾದರೆ ನಿಮಗೆ ಮೋಸ ಮಾಡಿದಂತೆ. ಕೈಗೆ ಬಂದ ನಗದು ಬಾಡಿಗೆಯನ್ನೂ ಕೂಡಿಸಬೇಕು. ಉದಾಹರಣೆಗೆ 38ರಲ್ಲಿ ಡೆಪಾಸಿಟ್ 8, ಚೀಟಿ 3, ಅಡುಗೆಯವರದು 4 ಲಕ್ಷ ಹೋಗಿ 23 ಉಳಿಯಿತು, ನಗದು 3 ಸೇರಿ 26 ಆಯಿತು ಎನ್ನೋಣ. ಅದು ನೀವು ಮಿತಿ ದಾಟಿದ ಮೊದಲ ವರ್ಷವಾಗಿದ್ದರೆ ತೆರಿಗೆ ಬೀಳುವುದು 20 ಲಕ್ಷ ದಾಟಿದ ಮೇಲಿನ 6 ಲಕ್ಷಕ್ಕೆ: 1,08,000 ರೂ. ಮೇಲೆ ವರ್ಷಕ್ಕೆ ಶೇ 18ರಂತೆ ಬಡ್ಡಿ, ಅಂದರೆ ತಡವಾದ ಪ್ರತಿ ವರ್ಷಕ್ಕೂ 19,440 ರೂ. ಇಡೀ 38 ಲಕ್ಷಕ್ಕೆ ಹಾಕಿದರೆ ತೆರಿಗೆಯೇ 6,84,000. ನೋಟಿಸ್‌ಗೆ ಉತ್ತರಿಸದೆ ಕೂತವರಿಗೆ ಬೀಳುವುದು ಸಾಮಾನ್ಯವಾಗಿ ಈ ದೊಡ್ಡ ಅಂಕಿಯೇ. ನೀವು ಪಡೆದ ಬಾಡಿಗೆಯಲ್ಲೇ ತೆರಿಗೆ ಸೇರಿದೆ ಎಂದು ಲೆಕ್ಕ ಹಾಕಿಸುವ ವಾದವೂ ಒಂದಿದೆ, ಆಡಿಟರನ್ನು ಕೇಳಿ.

ಇನ್ನು ದಂಡ. 2023–24ರವರೆಗಿನ ವರ್ಷಗಳಿಗೆ ಜಿಎಸ್‌ಟಿ ಕಾಯ್ದೆಯಲ್ಲಿ ಎರಡು ಸೆಕ್ಷನ್‌ಗಳಿವೆ. ತಿಳಿಯದೆ ಆದ ತಪ್ಪಿಗೆ 73, ಮೋಸ ಮಾಡಿದ್ದಕ್ಕೆ ಅಥವಾ ಬೇಕೆಂದೇ ಮುಚ್ಚಿಟ್ಟದ್ದಕ್ಕೆ 74. 73ರಲ್ಲಿ, ಷೋಕಾಸ್ ನೋಟಿಸ್ ಬರುವ ಮೊದಲೇ, ಇಲ್ಲವೇ ಬಂದ 30 ದಿನದೊಳಗೆ, ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿದರೆ ದಂಡವೇ ಇಲ್ಲ. ತಡವಾದರೆ ತೆರಿಗೆಯ ಶೇ 10 ಅಥವಾ 10,000 ರೂ., ಯಾವುದು ಹೆಚ್ಚೋ ಅದು. ನಿಮಗೆ ಬಂದಿರುವುದು ವಿವರಣೆ ಕೇಳಿದ ಪತ್ರದಂತೆ ಕಾಣುತ್ತದೆ, ಡಿಆರ್‌ಸಿ–01 ಎಂಬ ಷೋಕಾಸ್ ಅಲ್ಲ. ಹಾಗಿದ್ದರೆ ಕಾಲ ಇನ್ನೂ ನಿಮ್ಮ ಕಡೆಗಿದೆ. 74ರಲ್ಲಾದರೆ ಷೋಕಾಸ್‌ಗೆ ಮೊದಲೇ ಕಟ್ಟಿದರೂ ಶೇ 15 ದಂಡ, ಕೊನೆಗೆ ತೆರಿಗೆಯಷ್ಟೇ ದಂಡ. ಇಲಾಖೆ ಇನ್ನಷ್ಟು ಹಳೆಯ ವರ್ಷಗಳನ್ನೂ ಕೆದಕಬಹುದು.

ಆ ಕೈಸಾಲದ ಪತ್ರ ನಿಮ್ಮನ್ನು 73ರಿಂದ ಎತ್ತಿ 74ಕ್ಕೆ ಹಾಕುವ ಕಾಗದ. ಇವತ್ತಿನವರೆಗೆ ನಿಮ್ಮದು ತಿಳಿಯದೆ ಆದದ್ದು. ಆ ಸಹಿ ಬಿದ್ದ ದಿನದಿಂದ ತಿಳಿದೇ ಮಾಡಿದ್ದು. ತಮ್ಮನ ಖಾತೆಯಿಂದ ಹಣ ಬಂದೇ ಇಲ್ಲ ಎಂದು ಕಂಡುಹಿಡಿಯಲು ಯಾವ ಅಧಿಕಾರಿಗೂ ಅರ್ಧ ದಿನ ಬೇಡ. ಇಂಥ ಉಪಕಾರ ಮಾಡುವವರಿಗೆ ಚಹಾ ಕೊಟ್ಟು ಕಳಿಸಿ.

ಒಂದು ವಿಷಯ ನೀವು ಬರೆದಿಲ್ಲ. ಬಿಲ್ಲಿನಲ್ಲಿ ‘ಜಿಎಸ್‌ಟಿ’ ಎಂದು ಸೇರಿಸಿ ಯಾರಿಂದಲಾದರೂ ಹಣ ತೆಗೆದುಕೊಂಡಿದ್ದೀರಾ? ತೆಗೆದುಕೊಂಡಿದ್ದರೆ 73ರ ದಂಡವಿಲ್ಲದ ರಿಯಾಯಿತಿ ಆ ಹಣಕ್ಕೆ ಇಲ್ಲ. ತೆರಿಗೆಯೆಂದು ವಸೂಲಿ ಮಾಡಿ ಕಟ್ಟದೆ ಇಟ್ಟುಕೊಂಡವರಿಗೆ ದಂಡ ತಪ್ಪುವುದಿಲ್ಲ. ಆಡಿಟರ ಬಳಿ ಇದನ್ನು ಮುಚ್ಚಿಡಬೇಡಿ.

ನೋಂದಣಿ ಮಾಡಿಸದ್ದಕ್ಕೇ ಪ್ರತ್ಯೇಕ ದಂಡ ಹಾಕಲು ಸೆಕ್ಷನ್ 122ರಲ್ಲಿ ದಾರಿಯಿದೆ. ಅಂಥ ಮಾತು ಬಂದರೆ ನಿಮ್ಮ ಆಡಿಟರು ಹಿಂದೂಸ್ತಾನ್ ಸ್ಟೀಲ್ ಪ್ರಕರಣದ ಹೆಸರು ಎತ್ತಲಿ. ಸರ್ಕಾರದ್ದೇ ಕಂಪನಿ, ಒಡಿಶಾದಲ್ಲಿ ಕಾರ್ಖಾನೆ ಕಟ್ಟಿಸುವಾಗ ಗುತ್ತಿಗೆದಾರರಿಗೆ ಸಿಮೆಂಟು, ಕಬ್ಬಿಣ ಒದಗಿಸಿ, ತಾನು ವ್ಯಾಪಾರಿಯೇ ಅಲ್ಲ ಎಂದುಕೊಂಡು ಮಾರಾಟ ತೆರಿಗೆಗೆ ನೋಂದಾಯಿಸಿಕೊಂಡಿರಲಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟ್ ದಂಡವನ್ನು ರದ್ದುಮಾಡಿತು. ದಂಡ ಹಾಕುವ ಅಧಿಕಾರ ಇದೆ ಎಂಬ ಒಂದೇ ಕಾರಣಕ್ಕೆ ಹಾಕಬಾರದು, ಪ್ರಾಮಾಣಿಕ ನಂಬಿಕೆಯಿಂದ ಆದ ಲೋಪವನ್ನು ಬೇರೆಯಾಗಿ ನೋಡಬೇಕು ಎಂಬುದು ಅದರ ಸಾರ. ಅಷ್ಟು ದೊಡ್ಡ ಕಂಪನಿಗೇ ತಿಳಿಯದೆ ಹೋದದ್ದು ಹಾಸನದ ಶಾಮಿಯಾನದವರಿಗೆ ತಿಳಿಯದಿದ್ದರೆ ಆಶ್ಚರ್ಯವೇನು? ಆದರೆ ತೆರಿಗೆ, ಬಡ್ಡಿಗೆ ಈ ವಾದ ನಡೆಯದು. ಅವನ್ನು ಕಟ್ಟಲೇಬೇಕು.

ಮುಂದಿನ ವರ್ಷಗಳನ್ನೂ ಈಗಲೇ ನೋಡಿಬಿಡಿ, ಇನ್ನೊಂದು ನೋಟಿಸ್‌ಗೆ ಕಾಯಬೇಡಿ. ಒಮ್ಮೆ ಮಿತಿ ದಾಟಿದ ಮೇಲೆ ಪ್ರತಿ ವರ್ಷವೂ ಮತ್ತೆ 20 ಲಕ್ಷ ಬಿಟ್ಟುಕೊಡುತ್ತಾರೆ ಎಂದು ಎಣಿಸಬೇಡಿ. 2024–25ರಿಂದ 74ಎ ಎಂಬ ಹೊಸ ಸೆಕ್ಷನ್ ಬಂದಿದೆ, ಅಲ್ಲಿ ದಂಡವಿಲ್ಲದೆ ಕಟ್ಟಲು ನೋಟಿಸ್ ಬಂದ ಮೇಲೆ 60 ದಿನ ಸಿಗುತ್ತದೆ. ನೋಂದಣಿಯನ್ನು ಈ ವಾರವೇ ಮಾಡಿಸಿ. ವಹಿವಾಟು 50 ಲಕ್ಷ ದಾಟದ ಸೇವೆಯವರಿಗೆ ಕಾಂಪೊಸಿಷನ್ ಪದ್ಧತಿಯಲ್ಲಿ ಶೇ 6 ಕಟ್ಟಿದರೆ ಆಯಿತು. ಆದರೆ ಅದನ್ನು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ, ಹಳೆಯ ಬಾಕಿಗೆ ಅದು ಅನ್ವಯಿಸುವುದೂ ಇಲ್ಲ.

ಯಜಮಾನರಿಗೆ ಹೇಳಿ, ಬೋರ್ಡು ಮತ್ತೆ ತೂಗುಹಾಕಲಿ. ಹಣ ನಗದಾಗಿ ಬಂದರೂ 20 ಲಕ್ಷ ಇಪ್ಪತ್ತೇ ಲಕ್ಷ. ನೋಟಿಸ್ ಬಂದ ಮರುದಿನ ಬೋರ್ಡು ಮಾಯವಾದರೆ ನೋಡುವವರು ಬೇರೆಯೇ ಅರ್ಥ ಮಾಡುತ್ತಾರೆ. ಅವರು ಊಟ ಬಿಟ್ಟಿರುವುದು ಹಣಕ್ಕಿಂತ ಮರ್ಯಾದೆಗೆ ಅನ್ನಿಸುತ್ತದೆ. ಮೇಲಿನ ಲೆಕ್ಕ ಹಾಕುವಾಗ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವ ಮದುವೆಗೆ ಎಷ್ಟು ಕುರ್ಚಿ ಹೋಯಿತು ಎಂಬುದು ನಿಮ್ಮ ಡೈರಿಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ.

ಉತ್ತರವನ್ನು ನೋಟಿಸ್‌ನಲ್ಲಿ ಕೊಟ್ಟ ದಿನಾಂಕದೊಳಗೆ ಲಿಖಿತವಾಗಿ ಕೊಡಿ. ಹಣವನ್ನು ಪೋರ್ಟಲ್ ಮೂಲಕವಲ್ಲದೆ ಯಾರ ಕೈಗೂ ಕೊಡಬೇಡಿ. ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಬೇಕು ಎಂದು ಉತ್ತರದಲ್ಲೇ ಕೇಳಿ. ಲಿಖಿತವಾಗಿ ಕೇಳಿದವರಿಗೆ ಅದನ್ನು ಕೊಡಲೇಬೇಕು. ಆ ದಿನ ಆಡಿಟರ ಜೊತೆ ಇಬ್ಬರೂ ಹೋಗಿ, ಡೈರಿಯ ಮೂಲ ಪ್ರತಿಯನ್ನೇ ಒಯ್ಯಿರಿ.