‘ಸಿಗ್ನಿಫಿಕೆಂಟ್’ ಎಂದು ಬರೆಯುವ ಮುನ್ನ

ಸಂಶೋಧನೆಯ ಹಾದಿ ಹಿಡಿದಿರುವ ಮಕ್ಕಳೇ,

ಪ್ರಬಂಧ ಬರೆಯಲು ಕೂತಾಗ ಕೈಗೆ ಬಲು ಬೇಗ ಸಿಗುವ ವಿಶೇಷಣ ‘ಸಿಗ್ನಿಫಿಕೆಂಟ್’. ಇಳುವರಿಯಲ್ಲಿ ಸಿಗ್ನಿಫಿಕೆಂಟ್ ಹೆಚ್ಚಳ, ರಕ್ತದೊತ್ತಡದಲ್ಲಿ ಸಿಗ್ನಿಫಿಕೆಂಟ್ ಇಳಿಕೆ ಎಂದು ನೀವು ಬರೆಯುತ್ತೀರಿ. ಪತ್ರಿಕೆಗೆ ಬರುವಾಗ ಅದು ‘ಗಣನೀಯ’ ಆಗುತ್ತದೆ. ಓದಿದ ರೈತ, ರೋಗಿಯ ಮನೆಯವರು ‘ಬಹಳ ದೊಡ್ಡದು’ ಎಂದು ನಂಬಿ ದುಡ್ಡು ಹೊಂದಿಸುತ್ತಾರೆ. ನೀವು ಹೇಳಿದ್ದು ಮಾತ್ರ ಬೇರೆಯೇ. ಹೀಗಾಗದಂತೆ ನೋಡಿಕೊಳ್ಳುವ ಹೊಣೆ ಮೊದಲು ಬರೆದವರದು. ಅದಕ್ಕೇ ಈ ಕಿವಿಮಾತು.

ವಿಜ್ಞಾನದಲ್ಲಿ ಈ ಪದದ ಅರ್ಥ ಬಹಳ ಕಿರಿದು. ರಾಗಿಯ ಕೆಲವು ತಾಕುಗಳಿಗೆ ಹೊಸ ಗೊಬ್ಬರ ಹಾಕಿದ್ದೀರಿ, ಕೆಲವಕ್ಕೆ ಹಾಕಿಲ್ಲ ಎನ್ನಿ. ಹಾಕಿದ ಕಡೆ ಇಳುವರಿ ಹೆಚ್ಚು ಬಂದಿದೆ. ಆದರೆ ಗೊಬ್ಬರ ಹಾಕದಿದ್ದರೂ ಒಂದು ತಾಕಿನಂತೆ ಇನ್ನೊಂದು ಬೆಳೆಯುವುದಿಲ್ಲ. ಮಣ್ಣು, ತೇವ, ನೆರಳು ಬೇರೆಬೇರೆ. ಗೊಬ್ಬರದಿಂದ ಏನೂ ಆಗಿಲ್ಲ ಎಂದೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕೂ ಮಿಗಿಲಾದ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು? ಆ ಲೆಕ್ಕವೇ ಪಿ-ಮೌಲ್ಯ. ಅದು ಮೊದಲೇ ಗೊತ್ತುಮಾಡಿದ ಗೆರೆಗಿಂತ, ಸಾಮಾನ್ಯವಾಗಿ 0.05ಕ್ಕಿಂತ, ಕೆಳಗಿದ್ದರೆ ಫಲಿತಾಂಶ ಸಿಗ್ನಿಫಿಕೆಂಟ್. ಗೊಬ್ಬರ ಫಲಕಾರಿಯಾಗಿರುವ ಸಂಭವ ಶೇ 95 ಎಂದು ಇದರಿಂದ ತಿಳಿಯಬೇಡಿ. ಇಳುವರಿ ಎಷ್ಟು ಹೆಚ್ಚಿತು, ಹಾಕಿದ ಖರ್ಚು ಹುಟ್ಟಿತೇ ಎಂಬುದನ್ನೂ ಈ ಪದ ಹೇಳುವುದಿಲ್ಲ.

ಆ ಗೆರೆಯೂ ಆಕಾಶದಿಂದ ಇಳಿದದ್ದಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್, 1925ರ ತಮ್ಮ ಪುಸ್ತಕದಲ್ಲಿ ಇಪ್ಪತ್ತರಲ್ಲೊಂದು ಎಂಬ ಅಳತೆಯನ್ನು ಅನುಕೂಲಕ್ಕೆಂದು ಸೂಚಿಸಿದರು. ಎಲ್ಲ ಪ್ರಯೋಗಕ್ಕೂ ಒಂದೇ ಗೆರೆ ಹಿಡಿದು ಕೂರುವುದನ್ನು ಮುಂದೆ ಅವರೇ ಒಪ್ಪಲಿಲ್ಲ. ಕೇಂಬ್ರಿಜ್‌ನಲ್ಲಿ ಈ ಫಿಶರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ನಮ್ಮ ನೆಲಕ್ಕೂ ನಂಟಿರುವ ಈ ವಿದ್ಯೆಯನ್ನು ಸಾಫ್ಟ್‌ವೇರ್ ಕೊಟ್ಟ ಉತ್ತರ ನಕಲು ಮಾಡುವಷ್ಟಕ್ಕೆ ಕಲಿತು ಬಿಡಬೇಡಿ.

ಸಿಗ್ನಿಫಿಕೆಂಟ್ ಎಂದು ಕಂಡ ಕೂಡಲೇ ‘ಎಷ್ಟು?’ ಎಂದು ಕೇಳಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ರೂಢಿಯ ಔಷಧಿಯ ಜೊತೆ ಎರ್ಲೊಟಿನಿಬ್ ಸೇರಿಸಿ 569 ರೋಗಿಗಳ ಮೇಲೆ ನಡೆದ ಪ್ರಯೋಗದ ವರದಿ 2007ರಲ್ಲಿ ಪ್ರಕಟವಾಯಿತು. ಪಿ-ಮೌಲ್ಯ 0.038. ನಿಯಮದ ಪ್ರಕಾರ ಅದು ಸಿಗ್ನಿಫಿಕೆಂಟ್. ಆದರೆ ಬದುಕುಳಿದ ಅವಧಿಯ ಮಧ್ಯಾಂಕ 5.91 ತಿಂಗಳಿಂದ 6.24ಕ್ಕೆ ಏರಿತ್ತು, ಅಂದರೆ ಸುಮಾರು ಹತ್ತು ದಿನ. ಜೊತೆಗೆ ಚರ್ಮದ ದದ್ದು, ಭೇದಿ ಹೆಚ್ಚು. ಆ ಹತ್ತು ದಿನ ಬೇಕೋ ಬೇಡವೋ ಎಂಬುದು ರೋಗಿ ಮತ್ತು ಮನೆಯವರು ತೀರ್ಮಾನಿಸಬೇಕಾದ ವಿಚಾರ. ತೀರ್ಮಾನಿಸಲು ಅವರಿಗೆ ಅಂಕಿ ಬೇಕು, ವಿಶೇಷಣ ಸಾಲದು.

‘ಸಿಗ್ನಿಫಿಕೆಂಟ್ ಅಲ್ಲ’ ಎಂದು ಬಂದಾಗಲೂ ಅಷ್ಟೇ ಎಚ್ಚರ ಇರಲಿ. ಅದನ್ನು ‘ಪರಿಣಾಮವೇ ಇಲ್ಲ’ ಎಂದು ಬರೆಯಬೇಡಿ. ಲೋಟಕ್ಕೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ರುಚಿ ನೋಡಿಯೇ ಹೇಳಬಲ್ಲೆ ಎಂದ ಮಹಿಳೆಯೊಬ್ಬರ ಪರೀಕ್ಷೆಯನ್ನು ಫಿಶರ್ 1935ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಎಂಟು ಲೋಟ, ನಾಲ್ಕು ಹೀಗೆ, ನಾಲ್ಕು ಹಾಗೆ. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆ 70. ಊಹೆಯಿಂದ ಎಲ್ಲವೂ ಸರಿಯಾಗುವ ಸಂಭವ 70ರಲ್ಲಿ ಒಂದು. ಆದರೆ ನಾಲ್ಕರಲ್ಲಿ ಒಂದು ತಪ್ಪಿದರೂ ಸಾಕು, ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಊಹಿಸುವ ಸಂಭವ 70ರಲ್ಲಿ 17, ಅಂದರೆ ಸುಮಾರು ಶೇ 24. ನಾಲಿಗೆ ನಿಜಕ್ಕೂ ಚುರುಕಾಗಿದ್ದು ಒಮ್ಮೆ ಎಡವಿದವರನ್ನೂ ಈ ಪರೀಕ್ಷೆ ಗುರುತಿಸಲಾರದು. ಪ್ರಯೋಗ ಚಿಕ್ಕದಾದರೆ ಇರುವ ಪರಿಣಾಮವೂ ಮರೆಯಾಗುತ್ತದೆ.

ಇನ್ನೊಂದು ಆಮಿಷವಿದೆ. ಒಂದು ಹೋಲಿಕೆಯಲ್ಲಿ ಏನೂ ಸಿಗದಿದ್ದರೆ ಎರಡನೆಯದು, ಮೂರನೆಯದು ಎಂದು ಹುಡುಕುತ್ತಾ ಹೋಗುವುದು. ಯಾವ ಪರಿಣಾಮವೂ ಇಲ್ಲದ ಕಡೆ 0.05ರ ಗೆರೆ ಇಟ್ಟು ಇಪ್ಪತ್ತು ಸ್ವತಂತ್ರ ಪರೀಕ್ಷೆ ಮಾಡಿದರೆ, ಒಂದಾದರೂ ಸಿಗ್ನಿಫಿಕೆಂಟ್ ಎಂದು ತೋರುವ ಸಂಭವ ಶೇ 64. ಆ ಒಂದನ್ನಷ್ಟೇ ಪ್ರಕಟಿಸಿ ಹತ್ತೊಂಬತ್ತನ್ನು ಬಚ್ಚಿಡುವುದು ಸುಳ್ಳು ಹೇಳಿದಂತೆಯೇ. ಎಷ್ಟು ಪರೀಕ್ಷೆ ಮಾಡಿದಿರೋ ಅಷ್ಟನ್ನೂ ಹೇಳಿ.

ಈ ಎಚ್ಚರ ನನ್ನೊಬ್ಬನ ಹಟವಲ್ಲ. 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ, ಬರೀ ಪಿ-ಮೌಲ್ಯ ಒಂದು ಗೆರೆ ದಾಟಿತೆಂಬ ಕಾರಣಕ್ಕೆ ತೀರ್ಮಾನಕ್ಕೆ ಬರಬಾರದೆಂದು ಹೇಳಿಕೆ ಹೊರಡಿಸಿತು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 800ಕ್ಕೂ ಹೆಚ್ಚು ವಿಜ್ಞಾನಿಗಳು ಈ ಪದದ ಕುರುಡು ಬಳಕೆಯ ವಿರುದ್ಧದ ಲೇಖನಕ್ಕೆ ಸಹಿ ಹಾಕಿದರು.

ಆದ್ದರಿಂದ ಪ್ರಬಂಧದಲ್ಲಿ ‘ಮುಖ್ಯವಾದ’, ‘ದೊಡ್ಡ’ ಎಂಬ ಅರ್ಥಕ್ಕೆ ಸಿಗ್ನಿಫಿಕೆಂಟ್ ಬಳಸಬೇಡಿ. ಆ ಪದಗಳನ್ನೇ ಬಳಸಿ. ಸಂಖ್ಯಾಶಾಸ್ತ್ರದ ಅರ್ಥದಲ್ಲಿ ಬಳಸಿದಾಗ ವ್ಯತ್ಯಾಸದ ಪ್ರಮಾಣ, ಅದು ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ವ್ಯಾಪ್ತಿ, ಪಿ-ಮೌಲ್ಯ, ಮೂರನ್ನೂ ಪಕ್ಕದಲ್ಲೇ ಕೊಡಿ. ಕನ್ನಡದಲ್ಲಿ ವಿವರಿಸುವಾಗ ‘ಎಕರೆಗೆ ಇಷ್ಟು ಕೆಜಿ ಹೆಚ್ಚು, ಇದು ಆಕಸ್ಮಿಕವೆನ್ನುವುದು ಕಷ್ಟ’ ಎಂದು ಬಿಡಿಸಿ ಹೇಳಿ. ವ್ಯತ್ಯಾಸ ಚಿಕ್ಕದಾಗಿದ್ದರೆ ಚಿಕ್ಕದು ಎಂದೇ ಬರೆಯಿರಿ. ಅದರಿಂದ ಪ್ರಬಂಧದ ತೂಕ ಕಡಿಮೆಯಾಗುವುದಿಲ್ಲ. ನಿಮ್ಮ ಮಾತು ನಂಬಿ ಬೀಜ ಬಿತ್ತುವವರಿಗೆ, ಮಾತ್ರೆ ನುಂಗುವವರಿಗೆ ಮೋಸವಾಗುವುದಿಲ್ಲ.